ಕಟ್ಟಿಸಿದವರ ಹೆಸರುಂಟು, ಕಟ್ಟಿದವರದೆಲ್ಲಿ?



ಸಂಘದ ಕೆಲಸಕ್ಕೆಂದು ನಾಸಿಕಕ್ಕೆ ಹೋದವನು, ಹಳೆಯ ವಾಡೆಗಳನ್ನು ತೋರಿಸುವ ಕಾಲ್ನಡಿಗೆಯ ಗುಂಪಿನೊಡನೆ ಒಂದು ಬೆಳಿಗ್ಗೆ ಸುತ್ತಿದೆ. ಗೋದಾವರಿ ದಂಡೆಯ ಗಲ್ಲಿಗಳು, ಪೇಶ್ವೆ ಕಾಲದ ಸರಕಾರವಾಡಾ, ಕೆತ್ತನೆಯ ಮರದ ಕಂಬಗಳು. ಚೆಂದವಿಲ್ಲವೆಂದು ನಾನು ಹೇಳಲಾರೆ. ಆದರೆ ತೋರಿಸುವವರ ಬಾಯಲ್ಲಿ ಒಂದೇ ಮಾತು: ಇದನ್ನು ಇಂಥ ಮನೆತನದವರು ಕಟ್ಟಿಸಿದರು, ಅದನ್ನು ಅಂಥವರು ಕಟ್ಟಿಸಿದರು. "ಕಟ್ಟಿದವರು ಯಾರು ಸಾಹೇಬರೇ?" ಎಂದೆ. ಅವರು ನಕ್ಕು ಮುಂದಿನ ಬಾಗಿಲಿಗೆ ನಡೆದರು.

ಇದು ನಗುವ ಮಾತೇ? ಹದಿಮೂರನೆಯ ವಯಸ್ಸಿಗೆ ಎಂಜಲು ತಟ್ಟೆ ತೊಳೆಯಲು ಹೋಟೆಲು ಸೇರಿದವನು ನಾನು. ಧಣಿಯ ಹೆಸರು ಬೋರ್ಡಿನ ಮೇಲೆ, ನಮ್ಮ ಹಾಸಿಗೆ ಒಲೆಯ ಮೇಲಿನ ಅಟ್ಟದಲ್ಲಿ. ವಾಡೆಯ ಹಿಂಬಾಗಿಲಿನ ಕಥೆ ನನಗೆ ಯಾರೂ ಹೇಳಬೇಕಾಗಿಲ್ಲ.

ಹಣ ಹಾಕಿದವರು ಅವರಲ್ಲವೇ ಎನ್ನುತ್ತಾರೆ. ಸರದಾರರಿಗೆ ಹಣ ಆಕಾಶದಿಂದ ಉದುರಿತೇ? ಅದು ರೈತ ತೆತ್ತ ಕಂದಾಯ!

ಅದೇ ಊರಿನ ಕಾಳಾರಾಮ ಮಂದಿರಕ್ಕೂ ಕಟ್ಟಿಸಿದ ಸರದಾರನ ಹೆಸರುಂಟು. ಆದರೆ ಅದರೊಳಗೆ ಕಾಲಿಡುವ ಹಕ್ಕಿಗಾಗಿ ದಲಿತರು 1930ರ ಮಾರ್ಚ್ 2ರಿಂದ ಡಾ. ಅಂಬೇಡ್ಕರರ ನೇತೃತ್ವದಲ್ಲಿ ವರ್ಷಗಟ್ಟಲೆ ಸತ್ಯಾಗ್ರಹ ಹೂಡಬೇಕಾಯಿತು. ದುಡಿಮೆಗೆ ತೆರೆಯುವ ಬಾಗಿಲು ದುಡಿದವನಿಗೆ ತೆರೆಯುವುದಿಲ್ಲ.

ಛತ್ರಪತಿ ಸಂಭಾಜಿನಗರವನ್ನು ನೋಡಿರಿ. 1610ರಲ್ಲಿ ಖಡಕಿ ಎಂಬ ಹೆಸರಿನಿಂದ ಅದನ್ನು ಕಟ್ಟಿಸಿದ ಮಲಿಕ್ ಅಂಬರ್ ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದವನು. ನೆಲದಡಿಯ ಕಾಲುವೆಗಳಿಂದ ಊರಿಗೆ ನೀರು ತಂದ. ಅಧಿಕಾರಕ್ಕೇರಿದ ಗುಲಾಮನ ಹೆಸರು ಉಳಿಯಿತು. ಆ ಕಾಲುವೆ ತೋಡಿದ ಕೈಗಳ ಹೆಸರು? ಊರು ಖಡಕಿ ಹೋಗಿ ಔರಂಗಾಬಾದಾಯಿತು, 2023ರಲ್ಲಿ ಸಂಭಾಜಿನಗರವಾಯಿತು. ಅವರ ಹೆಸರು ಮಾತ್ರ ಯಾವ ಕಾಲಕ್ಕೂ ಬರಲಿಲ್ಲ.

ವಾಡೆಗಳನ್ನು ಕೆಡವಿರೆಂದು ನಾನು ಹೇಳುತ್ತಿಲ್ಲ. ಉಳಿಸಿರಿ, ಅಡಿಗೆಮನೆ, ಹಿಂಬಾಗಿಲು, ಆಳುಗಳ ಕೋಣೆಯನ್ನೂ ತೋರಿಸಿರಿ. ಬಡಗಿ, ಗವಂಡಿ, ನೀರು ಹೊತ್ತ ಹೆಂಗಸು, ಇವರ ಮಾತನ್ನೂ ಆಡಿರಿ.

ನಮ್ಮ ಪಾಲಿನ ಕೆಲಸವೂ ಇದೆ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಷ್ಟೋ ಗಿರಣಿಗಳ ನೆಲದಲ್ಲಿ ಇಂದು ಮಾಲುಗಳೂ ಗೋಪುರದಂಥ ಮನೆಗಳೂ ನಿಂತಿವೆ. ನಾಳೆ ಅಲ್ಲಿಯೂ ಇಂಥ ಗುಂಪು ಹೊರಟರೆ ಮಾಲೀಕನ ಹೆಸರೊಂದೇ ಕೇಳಿಸೀತು. ಆದ್ದರಿಂದ ಬಂಧುಗಳೇ, ಹಿರಿಯರು ಇರುವಾಗಲೇ ಅವರ ಬಳಿ ಕುಳಿತುಕೊಳ್ಳಿರಿ. ಯಾವ ಗಿರಣಿ, ಯಾವ ಖಾತೆ, ಯಾವ ಹೋಟೆಲಿನ ಯಾವ ಅಟ್ಟ ಎಂದು ಕೇಳಿ ಬರೆದು ಸಂಘಕ್ಕೆ ತಂದುಕೊಡಿರಿ. ನಮ್ಮ ಹೆಸರನ್ನು ನಾವೇ ಬರೆಯದಿದ್ದರೆ ಬೇರೆ ಯಾರು ಬರೆದಾರು?