ಹತ್ತು ತಲೆಮಾರಿನ ಕಟ್ಟಳೆ: ಒಂದು ಪ್ರತಿಕ್ರಿಯೆ

ಕುಲಪರಂಪರೆಯಿಂದ ಕ್ರೈಸ್ತರಾದವರಿಗೂ ಸ್ವೇಚ್ಛೆಯಿಂದ ವಿಶ್ವಾಸವನ್ನು ವರಿಸಿ ಬಂದವರಿಗೂ ಸಭೆಯಲ್ಲಿ ಸಮಾನಸ್ಥಾನವಿರಲಾಗದೆಂದೂ, ಮೋವಾಬ್ಯರನ್ನು ಹತ್ತನೆಯ ತಲೆಮಾರಿನವರೆಗೂ ದೂರವಿಡಬೇಕೆಂಬ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯವೇ ಇದಕ್ಕೆ ಪ್ರಮಾಣವೆಂದೂ ಈಚೆಗೆ ಪ್ರಕಟವಾದ ಲೇಖನವೊಂದರಲ್ಲಿ ಓದಿ ನನಗೆ ವ್ಯಥೆಯಾಯಿತು. ಪ್ರಮಾಣವನ್ನು ಅರ್ಧಕ್ಕೆ ನಿಲ್ಲಿಸುವುದು ನ್ಯಾಯವಲ್ಲ. ಹೊಲದಲ್ಲಿ ಮರೆತ ಸಿವುಡನ್ನು ಪರದೇಶಿಗೂ ವಿಧವೆಗೂ ಬಿಡಬೇಕೆಂದು ಅದರ ಮುಂದಿನ ಅಧ್ಯಾಯವೇ ವಿಧಿಸುತ್ತದೆ. ಅಂಥ ವಿಧಿಯ ಆಸರೆಯಿಂದಲೇ ಮೋವಾಬ್ಯಳಾದ ರೂತಳು ಬೇತ್ಲೆಹೇಮಿನ ಜವೆಗೋಧಿಯ ಹೊಲದಲ್ಲಿ ಕೊಯ್ಲಿನವರ ಹಿಂದೆ ಹಕ್ಕಲಾಯ್ದಳು. ಗುರುಗುಂಟಾದ ಎರೆಹೊಲಗಳಲ್ಲಿ ಜೋಳದ ಸುಗ್ಗಿ ಮುಗಿದ ಮೇಲೆ, ಬಿಸಿಲಿಗೆ ಸೆರಗು ಹೊದ್ದು, ಕೂಳೆ ಕಾಲಿಗೆ ತಾಗದಂತೆ ಹೆಜ್ಜೆಯಿಡುತ್ತ, ಉಳಿದ ತೆನೆಯೊಂದೊಂದನ್ನೇ ಮಡಿಲಿಗೆ ತುಂಬಿಕೊಳ್ಳುವ ಹೆಣ್ಣುಮಕ್ಕಳನ್ನು ಕಂಡವರಿಗೆ ಅವಳ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಆ ಹೊಲದ ಒಡೆಯನಾದ ಬೋವಜನು ಅವಳನ್ನು ಹತ್ತು ತಲೆಮಾರು ಕಾಯಿಸಲಿಲ್ಲ, ಕೈಹಿಡಿದನು. ಅವಳ ಮರಿಮಗನೇ ದಾವೀದ ಅರಸನು. ಯೇಸುವಿನ ವಂಶಾವಳಿಯಲ್ಲಿ ಮತ್ತಾಯನು ಅವಳ ಹೆಸರನ್ನು ಮರೆಮಾಚದೆ ಬರೆದನು.

ಇನ್ನು ಲೇಖಕರು ಹಿರಿಮೆಯಿಂದ ಹೆಸರಿಸಿದ ಮುದಗಲ್ಲಿನ ಪುರಾತನ ಕ್ರೈಸ್ತ ಮನೆತನಗಳ ಮಾತು. ಆದಿಲಶಾಹಿಯ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಜೆಸುಯಿಟ್ ಪಾದ್ರಿಗಳ ಬೋಧೆಗೆ ಕಿವಿಗೊಟ್ಟ ಆ ಪೂರ್ವಜರೂ ಅಂದು ಹೊಸಬರೇ ಆಗಿದ್ದರಲ್ಲವೆ? ಅವರಿಗೆ ತೆರೆದ ಬಾಗಿಲನ್ನು ಅವರ ಹೆಸರಿನಲ್ಲಿಯೇ ಮುಚ್ಚುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಂತೂ ಅಲ್ಲ. ಕೈಸರೈಯದಲ್ಲಿ, ಸುನ್ನತಿಯಿಲ್ಲದ ಶತಾಧಿಪತಿ ಕೊರ್ನೇಲ್ಯನ ಮನೆಯೊಳಗೆ, ಪೇತ್ರನು ಇನ್ನೂ ಮಾತನಾಡುತ್ತಿರುವಾಗಲೇ ಪವಿತ್ರಾತ್ಮನು ಇಳಿದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ದೇವರೇ ಕಾಯಿಸದಿದ್ದವರನ್ನು ನಾವು ಯಾವ ಅಧಿಕಾರದಿಂದ ಕಾಯಿಸುವೆವು? ಈ ವರ್ಷ ದೀಕ್ಷಾಸ್ನಾನ ಪಡೆದವನನ್ನು ಕಡೆಯ ಸಾಲಿನಲ್ಲಿ ಕೂರಿಸಬೇಕೆನ್ನುವ ಲೇಖಕರು ಇದಕ್ಕೆ ಉತ್ತರಿಸಬೇಕು.