ರದ್ದಾಗದ ಕಾಯಿದೆ



ತೋಟದ ಲೈನಿನಲ್ಲಿ ಒಂದು ಕೋಳಿ ಕಾಣೆಯಾದರೆ ಮೊದಲು ಹುಡುಕುವುದು ಕೊರಚರ ಮನೆಯನ್ನು. ನಮ್ಮ ಯುವಕರ ಕೂಟದಲ್ಲಿ ಒಬ್ಬ ಹುಡುಗಿ, "ಉಪದೇಶಿಗಳೇ, ಅವರನ್ನು ಕಳ್ಳರೆಂದು ಮೊದಲು ಬರೆದಿಟ್ಟವರು ಯಾರು?" ಎಂದು ಕೇಳಿದಳು. ಉತ್ತರ ಹೇಳಲೇಬೇಕು.

ರಾಯದುರ್ಗ, ಮಡಕಶಿರದ ಕಡೆ ನಾವು ಕೊರಚರೆಂದೂ ತೆಲುಗರು ಎರುಕಲರೆಂದೂ ಕರೆಯುವ ಈ ಜನರು ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಮಾರಿ ಬದುಕಿದವರು. ರೈಲು ಬಂದು ಆ ವ್ಯಾಪಾರ ಕೆಟ್ಟಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರಲ್ಲಿ ಮದರಾಸು ಪ್ರಾಂತಕ್ಕೂ ಬಂದು, ಹುಟ್ಟನ್ನೇ ಅಪರಾಧ ಮಾಡಿತು. ಬಾಪಟ್ಲದ ಬಳಿ ಸ್ಟುವರ್ಟ್‌ಪುರಂನಲ್ಲಿ ಅವರನ್ನು ಇರಿಸಿದ ವಸತಿಯನ್ನು ನಡೆಸಿದ್ದು ಕ್ರೈಸ್ತರದೇ ಸಂಸ್ಥೆ, ಸಾಲ್ವೇಷನ್ ಆರ್ಮಿ. ಶಾಲೆ, ಕೆಲಸ ಕೊಟ್ಟದ್ದು ನಿಜ, ಕಾವಲಿಟ್ಟದ್ದೂ ನಿಜ.

"ಮಾಡಿದವರು ಸತ್ತರು, ನಾವೇಕೆ ಕ್ಷಮೆ ಕೇಳಬೇಕು?" ಎಂದ ಒಬ್ಬ ಹುಡುಗ. "ಕಾಯಿದೆ 1952ರಲ್ಲಿ ರದ್ದಾಯಿತು. ನಮ್ಮ ಬಾಯಲ್ಲಿ ರದ್ದಾಗಿದೆಯೇ? ಅವರ ಕುಲದ ಹೆಸರು ನಮಗೆ ಇಂದಿಗೂ ಬೈಗುಳ" ಎಂದಳು ಆ ಹುಡುಗಿ. ಯಾರೂ ಮಾತಾಡಲಿಲ್ಲ.

ಜಕ್ಕಾಯನು ಅತ್ತು ಸುಮ್ಮನಾಗಲಿಲ್ಲ, ಕಸಿದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದನು. ನಾವು ಕಸಿದದ್ದು ಅವರ ಮರ್ಯಾದೆ. ಮಕ್ಕಳು ಮೂರು ಕೆಲಸ ಹೇಳಿದ್ದಾರೆ: ಆ ಬೈಗುಳ ಬಿಡುವುದು; ಅವರನ್ನು ಸಂಘಕ್ಕೆ ಸಮಾನ ಸದಸ್ಯರಾಗಿ ಸೇರಿಸುವುದು; ಸಾಕ್ಷಿಯಿಲ್ಲದೆ ಅವರನ್ನು ಠಾಣೆಗೆ ಕರೆದೊಯ್ದರೆ ನಾವೂ ಜೊತೆಗೆ ಹೋಗುವುದು.

ಮೂರನೆಯದು ಕಷ್ಟ, ಒಂದು ದಿನದ ಕೂಲಿ ಹೋಗುತ್ತದೆ. ಹೋಗಲಿ. ಕೂಲಿ ಕಳೆದುಕೊಳ್ಳದೆ ಕೇಳುವ ಕ್ಷಮೆಯನ್ನು ಅವರು ಏಕೆ ನಂಬಬೇಕು?