ಪೆನ್ನಿಲ್ಲದ ಕೈ



ತೊಬೀತನ ಗ್ರಂಥದಲ್ಲಿ ಒಬ್ಬ ಮುದುಕನ ಕಣ್ಣಿನ ಕಥೆ ಬರುತ್ತದೆ. ಗುಬ್ಬಚ್ಚಿಗಳ ಹಿಕ್ಕೆ ಬಿದ್ದು ಕಣ್ಣಿಗೆ ಬಿಳಿಪೊರೆ ಕಟ್ಟಿತು. ವೈದ್ಯರಿಂದಲೂ ಗುಣವಾಗಲಿಲ್ಲ. ಕೊನೆಗೆ ಉಪಾಯ ಹೇಳಿಕೊಟ್ಟವನು ರಫಾಯೇಲ ದೂತ. ಆದರೆ ಮೀನಿನ ಪಿತ್ತ ಹಚ್ಚಿ ಪೊರೆ ಸುಲಿದದ್ದು ಮಗ ತೊಬಿಯಾಸನ ಕೈ. (ಮೀನಿನ ಪಿತ್ತವನ್ನು ನೀವು ಯಾರೂ ಪ್ರಯೋಗ ಮಾಡಬೇಡಿ, ದಯವಿಟ್ಟು!)

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಕಣ್ಣಿನ ರೋಗಿಗಳನ್ನು ನೋಡಿಕೊಳ್ಳುವ ಕೆಲವು ನರ್ಸ್‌ಗಳೊಡನೆ ಮಾತಾಡುವಾಗ ನಮಗೆ ಈ ಕಥೆ ನೆನಪಾಯಿತು. ನಾವು ಕೇಳಿದ್ದು ಇಷ್ಟೇ: ಅನುಭವವಿರುವ ನರ್ಸ್‌ಗೆ ಹೆಚ್ಚಿನ ತರಬೇತಿ ಕೊಟ್ಟು, ಕಣ್ಣಿನ ಸಣ್ಣಪುಟ್ಟ ತೊಂದರೆಗಳನ್ನು ತಾವೇ ಪರೀಕ್ಷಿಸಿ ಔಷಧ ಬರೆಯುವ ಅಧಿಕಾರ ಕೊಟ್ಟರೆ ಹೇಗೆ? ಇಂಥವರನ್ನು ಹೊರದೇಶಗಳಲ್ಲಿ 'ನರ್ಸ್ ಪ್ರಾಕ್ಟೀಷನರ್' ಎನ್ನುತ್ತಾರೆ. ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ತರಬೇತಾದ ನರ್ಸ್‌ಗಳು ಕಣ್ಣಿನೊಳಕ್ಕೆ ಇಂಜೆಕ್ಷನ್ ಕೂಡ ಕೊಡುತ್ತಾರೆ.

ಗಡಹಿಂಗ್ಲಜದ ಕಡೆಯ ಸಿಸ್ಟರ್ ಉತ್ತರದ ಬದಲು ಒಂದು ಘಟನೆ ಹೇಳಿದರು. ಅದು ಕಬ್ಬು ಕಟಾವಿನ ಕಾಲ. ಶನಿವಾರ ಸಂಜೆ ಒಬ್ಬ ಕೂಲಿಯಾಳು ಕಣ್ಣು ಹಿಡಿದುಕೊಂಡು ಬಂದ. ರವದಿ ತಾಗಿತ್ತು. ಡಾಕ್ಟರು ಊರಲ್ಲಿರಲಿಲ್ಲ. "ಕಣ್ಣು ನೋಡಿದ ಕೂಡಲೇ ನನಗ ಗೊತ್ತಾತು ಫಾದರ್, ಕರಿಗುಡ್ಡಿ ಮ್ಯಾಲ ಗೀರು ಬಿದ್ದಿತ್ತು. ಆದ್ರ ಔಷಧ ಬರಿಯಾಕ ನನ್ನ ಕೈಯಾಗ ಪೆನ್ನಿಲ್ಲಲ್ರೀ." ಸೋಮವಾರ ಬಾ ಎಂದು ಕಳಿಸಿದರು. ಸೋಮವಾರದ ಕೂಲಿ ಬಿಡಲಾರದೆ ಅವನು ಬರಲಿಲ್ಲ. ಮನೆಯವರು ಹರಳೆಣ್ಣೆ ಬಿಟ್ಟರು. ಆಮೇಲೆ ಅಂಗಡಿಯಿಂದ ಯಾವುದೋ ಹನಿ ತಂದರು. ಅದು ಸ್ಟಿರಾಯ್ಡ್. ಮೊದಲು ಉರಿ ತಗ್ಗಿದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರದ ಸೋಂಕು ಬೆಳೆಯುತ್ತಾ ಹೋಗುತ್ತದೆ. ಅವನು ಮತ್ತೆ ಬಂದದ್ದು ಮುಂದಿನ ಗುರುವಾರ. ಕರಿಗುಡ್ಡೆ ಬೆಳ್ಳಗಾಗಿತ್ತು. ಆ ಕಣ್ಣು ಉಳಿಯಲಿಲ್ಲ.

ಇದನ್ನು ಕೇಳಿದ ಮೇಲೆ ನೇಪಾಳದ ಭಕ್ತಪುರದ ಸಂಗತಿ ನಿಮಗೆ ಹೇಳಲೇಬೇಕು. 2001ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಹಳ್ಳಿಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. ಎರಡು ವರ್ಷಗಳಲ್ಲಿ 442 ಜನರ ಕರಿಗುಡ್ಡೆಯ ಮೇಲೆ ಗೀರು ಕಂಡುಬಂತು. ಎಲ್ಲರಿಗೂ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು. ಶೇಕಡಾ 96 ಮಂದಿಗೆ ಹುಣ್ಣಾಗದೆ ವಾಸಿಯಾಯಿತು. ಗಾಯವಾದ 18 ಗಂಟೆಯೊಳಗೆ ಮುಲಾಮು ಬಿದ್ದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಅಗ್ಗದ ಮುಲಾಮು, ಆದರೆ ಅದನ್ನು ಆ ದಿನವೇ ಕೊಡುವ ಕೈ ಬೇಕು. (ಇದನ್ನೋದಿ ನೀವೇ ಅಂಗಡಿಗೆ ಹೋಗಬೇಡಿ. ಗೀರೋ ಹುಣ್ಣೋ ಎಂದು ತಿಳಿದವರು ನೋಡಬೇಕು.)

ಹಾಗಾದರೆ ನರ್ಸ್‌ಗಳೆಲ್ಲ ಈ ಅಧಿಕಾರ ಬೇಕೆನ್ನುತ್ತಾರೆಯೇ? ಇಲ್ಲ. ಇಚಲಕರಂಜಿಯಲ್ಲಿ ಮಗ್ಗದ ಕಾರ್ಮಿಕರನ್ನು ನೋಡುವ ಸಿಸ್ಟರ್‌ಗೆ ಆಸೆಯೂ ಇದೆ, ಅಂಜಿಕೆಯೂ ಇದೆ. "ತಪ್ಪಾದರೆ ಯಾರು ಹೊಣೆ?" ಎಂದು ನಮ್ಮನ್ನೇ ಕೇಳಿದರು. ಕೊಲ್ಹಾಪುರದ ಹಿರಿಯರೊಬ್ಬರು ಇನ್ನೂ ಖಾರ. ಫೌಂಡ್ರಿಯವರ ಕಣ್ಣಿಗೆ ಬಿದ್ದ ಕಬ್ಬಿಣದ ಕಣ ತೆಗೆಯುವಾಗ ಡಾಕ್ಟರ ಪಕ್ಕದಲ್ಲೇ ನಿಂತು ಇಪ್ಪತ್ತು ವರ್ಷ ಕಳೆದವರು ಅವರು. "ಡಾಕ್ಟರ ಕೆಲಸ ಮಾಡಿಸ್ತಾರೆ, ಸಂಬಳ ನರ್ಸಿನದೇ ಕೊಡ್ತಾರೆ, ನೋಡ್ತಾ ಇರಿ" ಎಂದರು. ಈ ಮಾತನ್ನು ತಳ್ಳಿಹಾಕಲು ನಮಗೆ ಧೈರ್ಯವಾಗಲಿಲ್ಲ. ನಮ್ಮ ಸಂಸ್ಥೆಗಳಲ್ಲಿಯೂ 'ಸೇವೆ' ಎಂಬ ಪವಿತ್ರ ಪದದ ಮರೆಯಲ್ಲಿ ಕಡಿಮೆ ಸಂಬಳ ಕೊಟ್ಟದ್ದುಂಟು.

ನಮ್ಮ ದೇಶದಲ್ಲಿ ದಾರಿಯೇ ಇಲ್ಲವೆಂದಲ್ಲ. ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್‌ಗಳಿಗಾಗಿ ಭಾರತೀಯ ನರ್ಸಿಂಗ್ ಪರಿಷತ್ತು ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ ರೂಪಿಸಿತು. 2018ರಲ್ಲಿ ಹೆರಿಗೆ ಸೇವೆಗೂ ಕೇಂದ್ರ ಸರಕಾರ ಇಂಥದೇ ಮಾರ್ಗಸೂಚಿ ಹೊರಡಿಸಿತು. ಕಣ್ಣಿನ ನರ್ಸ್‌ಗಳಿಗೂ ಹೀಗೆಯೇ ಆಗಲಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಏನು ಮಾಡಬಹುದು, ಯಾವಾಗ ಡಾಕ್ಟರ ಬಳಿಗೆ ಕಳಿಸಬೇಕು, ಹೊಣೆ ಯಾರದು, ಸಂಬಳವೆಷ್ಟು, ಎಲ್ಲವೂ ಕಾಗದದ ಮೇಲೆ ಇರಲಿ. ಬರಿ ಬಾಯಿಮಾತಿನ ಅಧಿಕಾರ ಕೊಟ್ಟರೆ ನಾಳೆ ಬೈಗುಳ ಮಾತ್ರ ಸಿಸ್ಟರ್ ಪಾಲಿಗೆ.

ಗಡಿಭಾಗದಲ್ಲಿ ಇನ್ನೊಂದು ಮಾತಿದೆ. ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಿಂದ ಕನ್ನಡ ಮಾತ್ರ ಬಲ್ಲ ಅಜ್ಜಿಯರು ಪೊರೆ ತೆಗೆಸಲು ಬರುತ್ತಾರೆ. ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿ, ಯಾವ ಹನಿ ಎಷ್ಟು ಸಲ ಎಂದು ಬಾಯಿಪಾಠ ಮಾಡಿಸಿ ಕಳಿಸುವವರು ಇದೇ ಸಿಸ್ಟರ್‌ಗಳು. ಆದರೂ ನಮ್ಮ ಮನೆಯವರೇ "ನೀವಲ್ಲ, ಡಾಕ್ಟರನ್ನು ಕರೀರಿ" ಎಂದು ಗದರುವುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಗಡಹಿಂಗ್ಲಜದ ಆ ಸಿಸ್ಟರ್ ಈಗ ಕಬ್ಬಿನ ಗದ್ದೆಯ ರೋಗಿ ಬಂದರೆ ಶನಿವಾರವಿರಲಿ, ರಾತ್ರಿಯಿರಲಿ, ಡಾಕ್ಟರ ಮನೆಗೇ ಫೋನ್ ಹಚ್ಚುತ್ತಾರಂತೆ. ಕೆಲವೊಮ್ಮೆ ಬೈಸಿಕೊಳ್ಳುತ್ತಾರಂತೆ.